ದೀಪಾವಳಿಗೆ ಮುಗಿಯುವ ವರ್ಷ

"ಹರೀಬ್ಯಾಡ್ರಿ! ಅಂಟು ಇನ್ನೂ ಹಸೀ ಐತಿ, ಮೆಲ್ಲಕ ಬಿಚ್ಚಿ ತಗೀರಿ!"

ಸುಗ್ರಾಬಿ ಅಕ್ಕೋರು ಕೂಗುವಷ್ಟರಲ್ಲಿ ಚನ್ನಬಸವಣ್ಣನವರು ಗೋಡೆಯ ಮೇಲಿನ ಹಾಳೆಯನ್ನು ಅರ್ಧ ಕಿತ್ತು ಮುಷ್ಟಿಯಲ್ಲಿ ಹಿಡಿದಾಗಿತ್ತು. ಉಳಿದರ್ಧವನ್ನು ಅಕ್ಕೋರು ಎರಡು ಉಗುರಿನಿಂದ, ಹಾಲಿನ ಕೆನೆ ತೆಗೆದ ಹಾಗೆ ತೆಗೆದರು.

ಬೆಟಗೇರಿ ಪೇಟೆಯಲ್ಲಿ ಆಗ ಬೆಳಗಿನ ಎಂಟು ಗಂಟೆ. ಆಗಲೇ ಐವತ್ತು ಜನ ಸೇರಿದ್ದರು. ಚಹಾದ ಬಟ್ಟಲು ಹಿಡಿದುಕೊಂಡೇ ಬಂದವರು ಕೆಲವರು, ಅರ್ಧ ಗಡ್ಡ ಬೋಳಿಸಿಕೊಂಡು ಸೋಪಿನ ಮುಖದಲ್ಲೇ ಓಡಿ ಬಂದವನು ಒಬ್ಬ. ಎಂಬತ್ಮೂರರ ಆ ನಗರಸಭೆ ಚುನಾವಣೆಯಷ್ಟು ಮಜವನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ.

"ನೋಡ್ರಿ ಅಕ್ಕೋರ, ಏನ್ ಬರದಾರ!" ಚನ್ನಬಸವಣ್ಣನವರ ಮೀಸೆ ನಡುಗುತ್ತಿತ್ತು. "ವರ್ಷದ ಉತ್ಪನ್ನ ಒಂಬತ್ತು ಸಾವಿರದ ಇನ್ನೂರು ರೂಪಾಯಿ ಅಂತ! ನಾನು? ಇಡೀ ಗದಗಿನ ಹತ್ತಿ ಪ್ಯಾಟ್ಯಾಗ ಮೂರನೇ ದಲಾಲಿ ಅಂಗಡಿ ನಂದು!"

"ಕಳ್ಳ ಅಂದಾರ ಅಂತ ಸಿಟ್ಟೋ, ಬಡವ ಅಂದಾರ ಅಂತ ಸಿಟ್ಟೋ?" ಎಂದು ಕೇಳಿದರು ಅಕ್ಕೋರು.

"ಎರಡೂ!" ಎಂದರು. ಬಡವ ಅಂದದ್ದೇ ಹೆಚ್ಚು ತಾಗಿತ್ತು ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು.

ವಿಷಯ ಇಷ್ಟು. ಹದಿನೈದು ದಿನದ ಹಿಂದೆ ಇದೇ ಪೇಟೆಯ ಸಭೆಯಲ್ಲಿ, ಓಟು ಕೇಳುವವನು ತನ್ನ ಆದಾಯ ತೆರಿಗೆಯ ಕಾಗದವನ್ನು ಊರ ಮುಂದೆ ಓದಬೇಕು ಎಂದು, ತಾವೂ ಚುನಾವಣೆಗೆ ನಿಂತಿದ್ದ ಚನ್ನಬಸವಣ್ಣನವರು ಸಾರಿದ್ದರು. ಯಾರೂ ಅವರನ್ನು ಕೇಳಿರಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೂ ಒಳ್ಳೆಯದಿತ್ತು. ಚಪ್ಪಾಳೆ ಬಿದ್ದದ್ದೇ ತಡ, "ನನ್ನ ಮನ್ಯಾಗ ಸರಕಾರಕ್ಕ ತೋರ್ಸಿ ಊರಿಗೆ ಮುಚ್ಚಿಟ್ಟ ಒಂದು ಕಾಗದ ಸಿಕ್ರೂ ನಾಮಪತ್ರ ವಾಪಸ್ ತಗೋತೀನಿ" ಎಂದು ಆಣೆ ಮಾಡಿ, ವಾಪಸಾತಿಯ ಫಾರಮ್ಮನ್ನೇ ತುಂಬಿ ಜೇಬಿನಲ್ಲಿ ಇಟ್ಟುಕೊಂಡರು. ಸಹಿ ಒಂದು ಬಾಕಿ.

ಓದುವ ಸಭೆ ಇವತ್ತು ಮಧ್ಯಾಹ್ನ ಒಂದೂವರೆಗೆ. ನಾಮಪತ್ರ ಹಿಂತೆಗೆದುಕೊಳ್ಳುವ ಗಡುವು ಇವತ್ತೇ ಮೂರು ಗಂಟೆಗೆ. ನಿನ್ನೆ ಸಂಜೆ ಪೆಟ್ಟಿಗೆ ತೆರೆದರೆ ಕಾಗದದ ಲಕೋಟೆ ಮಾಯ, ಬೀಗ ಮಾತ್ರ ಹಾಕಿದ ಹಾಗೇ ಇತ್ತು. ಇವತ್ತು ಬೆಳಿಗ್ಗೆ ಅದರ 'ಖರೆ ನಕಲು' ಎಂಬ ಹೆಸರಿನಲ್ಲಿ ಈ ಹಾಳೆ ಊರ ಗೋಡೆಗಳ ಮೇಲೆ ಹುಟ್ಟಿಕೊಂಡಿತ್ತು.

"ರಾಮಪ್ಪನ ಪ್ರೆಸ್ಸಿನಾಗ ಅಚ್ಚಾಗಿರಬೇಕು" ಎಂದ, ಸೋಪಿನ ಮುಖದವನು.

ಆ ರಾಮಪ್ಪ ನಾನೇ. ಸ್ಟೇಷನ್ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ರೆಸ್ಸು ನಡೆಸುತ್ತಿದ್ದೇನೆ. ನನಗೆ ಮೈಯೆಲ್ಲ ಉರಿಯಿತು.

"ಲೇ, ಕಣ್ಣು ತಿಕ್ಕೊಂಡು ನೋಡು! ಇದು ಸೈಕ್ಲೋಸ್ಟೈಲ್, ಕಚೇರ್ಯಾಗ ಕೈಲೆ ತಿರುವಿ ನಕಲು ತಗೀತಾರಲ್ಲ, ಅದು. ಮಸಿ ಹೆಂಗ ಹರದೈತಿ ನೋಡು. ಇಂಥಾ ಕೆಲಸ ನನ್ನ ಪ್ರೆಸ್ಸಿನಾಗ ಆದ್ರ ಅವತ್ತ ಬಾಗಲಾ ಹಾಕ್ತೀನಿ!"

"ಅದು ಖರೆ" ಎಂದರು ಅಕ್ಕೋರು. ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿ ನಿವೃತ್ತರಾದ ಹೆಂಗಸು ಅವರು. ಪೊಲೀಸರು ಕೈಬಿಟ್ಟದ್ದನ್ನು ಹುಡುಕಿಕೊಡುವುದು ಈಚೆಗೆ ಅವರ ಹವ್ಯಾಸ. ಫೀ ಅಂತ ಏನೂ ಇಲ್ಲ, ಬಿಸಿ ಮಿರ್ಚಿ ಭಜಿ ಮಾತ್ರ ಬೇಕೇ ಬೇಕು. ಅವರ ಜೊತೆ ಓಡಾಡುವುದು ನನ್ನ ಹವ್ಯಾಸ, ನನ್ನ ಹೆಂಡತಿಯ ಮಾತಿನಲ್ಲಿ ನನ್ನ ರೋಗ.

ಅಕ್ಕೋರು ಹಾಳೆಯ ಎರಡೂ ಅರ್ಧಗಳನ್ನು ಜೋಡಿಸಿ ಓದಿದರು. ನಡುವೆ ಒಂದು ಸಾಲಿಗೆ ನಿಂತರು. ಆಮೇಲೆ ಮೈ ಕುಲುಕಿಸಿ ನಕ್ಕರು.

"ಏನಾತ್ರಿ?"

"ಇದನ್ನ ಬರದಾಂವ ವ್ಯಾಪಾರಸ್ಥ ಅಲ್ಲ, ರಾಮಪ್ಪ. ನಡಿ, ಮೂರು ಮಂದಿಗೆ ಒಂದ ಪ್ರಶ್ನಿ ಕೇಳೂದೈತಿ."

ಮೊದಲು ಹೋದದ್ದು ಮುಂಡರಗಿ ರಸ್ತೆಯ ಅರಳೆ ಗಿರಣಿಗೆ. ಅದರ ಮಾಲಕ ಹುಚ್ಚೀರಪ್ಪನವರೇ ಚನ್ನಬಸವಣ್ಣನವರ ಎದುರಾಳಿ. ಮಾರುಕಟ್ಟೆ ಸಮಿತಿಯ ಒಂದು ಕುರ್ಚಿಗಾಗಿ ಜಗಳಾಡಿ ಎಂಟು ವರ್ಷ ಆಗಿತ್ತು. ಇಬ್ಬರೂ ಎದುರಿಗೆ ಸಿಕ್ಕರೆ ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ಚಪ್ಪಲಿ ನೋಡುತ್ತಿದ್ದರು.

"ಬರ್ರಿ ಅಕ್ಕೋರ, ಕುಂಡ್ರಿ" ಎಂದು ಹುಚ್ಚೀರಪ್ಪನವರು ನಗುತ್ತಲೇ ಕರೆದರು. "ಹಾಳಿ ನಾ ಹಚ್ಚಿಸಿಲ್ಲ. ನನಗ ಆ ಓದೂ ನಾಟಕಾನ ಬ್ಯಾಡಾಗಿತ್ತು. ತೆರಿಗಿ ಕಾಗದ ನನಗೂ ಸರಕಾರಕ್ಕೂ ನಡುವಿನ ಮಾತು. ಓಟು ಕೇಳಾಕ ಬಂದೀನಿ, ಕನ್ಯಾ ಕೇಳಾಕ ಬಂದಿಲ್ಲ. ನನ್ನ ಗಳಿಕಿ ಇವರಿಗ್ಯಾಕ?"

"ಕನ್ಯಾ ಕೊಡೂ ಮುಂದ ವರನ ಪಗಾರ ಕೇಳ್ತಾರಲ್ಲ, ಊರು ಕೊಡೂ ಮುಂದ ಕೇಳಬಾರ್ದೇನು?" ಎಂದು ನಾನು ಬಾಯಿ ಹಾಕಿದೆ. ಚಹಾದಂಗಡಿಯಲ್ಲಿ ಕೇಳಿದ ಮಾತು ಅದು, ಆದರೆ ನನ್ನದೇ ಅನ್ನುವ ಹಾಗೆ ಹೇಳಿದೆ.

"ಕೇಳ್ರಿ, ಯಾರು ಬ್ಯಾಡ ಅಂದ್ರು? ಆದ್ರ ನನ್ನ ಕಾಗದದಾಗ ನಾ ಒಬ್ಬನ ಇರೂದಿಲ್ಲ, ರಾಮಪ್ಪ. ನನ್ನ ಪಾಲುದಾರರು ಇರ್ತಾರ. ಅವರೇನು ಚುನಾವಣಿಗೆ ನಿಂತಾರೇನು?"

ಅಕ್ಕೋರು ತಮ್ಮ ಪ್ರಶ್ನೆ ಕೇಳಿದರು. "ನಿಮ್ಮ ಲೆಕ್ಕದ ವರ್ಷ ಯಾವತ್ತ ಮುಗೀತೈತಿ?"

"ಯಾವತ್ತಂದ್ರ? ದೀಪಾವಳಿ ಅಮಾಸಿಗೆ. ಪಾಡ್ಯಕ್ಕ ಹೊಸಾ ಲೆಕ್ಕದ ಕಿರ್ದಿ ಪೂಜಾ. ನಿಮಗ ಗೊತ್ತಿಲ್ಲೇನು?"

ಎರಡನೆಯದಾಗಿ ಚನ್ನಬಸವಣ್ಣನವರ ಗುಮಾಸ್ತ ದಾದಾಪೀರನನ್ನು ದಲಾಲಿ ಅಂಗಡಿಯ ಗಾದಿಯ ಮೇಲೇ ಹಿಡಿದೆವು. ತೆರಿಗೆಯ ಕಾಗದ ತುಂಬುವವನು ಅವನೇ. ಪ್ರಶ್ನೆ ಕೇಳಿದ್ದೇ ಅವನು ತಲೆ ಎತ್ತದೆ, "ದೀಪಾವಳಿಗ್ರೀ" ಎಂದ. ಹತ್ತಿಯವರು, ಶೇಂಗಾದವರು, ಕಿರಾಣಿಯವರು, ಹಿಂದೂ ಮುಸಲ್ಮಾನ ಎಲ್ಲರ ವರ್ಷವೂ ಆಗ ನಮ್ಮ ಪೇಟೆಯಲ್ಲಿ ದೀಪಾವಳಿಗೇ ಮುಗಿಯುತ್ತಿತ್ತು. ಸರಕಾರವೂ ಅದನ್ನು ಒಪ್ಪಿ, ಆ ಲೆಕ್ಕದ ಮೇಲೇ ತೆರಿಗೆ ಹಾಕುತ್ತಿತ್ತು.

ಹೊರಗೆ ಬಂದು ಅಕ್ಕೋರು ಹಾಳೆಯ ಆ ಸಾಲಿಗೆ ಬೆರಳಿಟ್ಟರು. ಮಾರ್ಚ್ ೩೧ಕ್ಕೆ ಮುಗಿದ ವರ್ಷದ ಆದಾಯ, ಎಂದಿತ್ತು.

"ಚನ್ನಬಸವಣ್ಣ ಮೊತ್ತ ಅಷ್ಟ ನೋಡಿ ಸಿಟ್ಟಿಗೆದ್ದ, ತಾರೀಖು ನೋಡಲಿಲ್ಲ. ಮಾರ್ಚ್ ಮೂವತ್ತೊಂದಕ್ಕ ವರ್ಷ ಮುಗಿಯೂದು ಯಾರದು, ಹೇಳು?"

"ಸರಕಾರಿ ನೌಕರರದು" ಎಂದೆ. ಹೇಳಿದ ಮೇಲೆ ನನಗೇ ಹೊಳೆಯಿತು. ಸೈಕ್ಲೋಸ್ಟೈಲ್ ಯಂತ್ರ ಮುಟ್ಟಿ ಗೊತ್ತಿದ್ದ, ಮಾರ್ಚ್ ಮೂವತ್ತೊಂದನ್ನೇ ಉಸಿರಾಡಿದ ಒಬ್ಬರು ಈ ಕಥೆಯಲ್ಲಿ ಇದ್ದರು. ಶಿರಹಟ್ಟಿ ತಹಶೀಲದಾರ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕಾರಕೂನರಾಗಿದ್ದ ಹುಲಗಪ್ಪನವರು. ಚನ್ನಬಸವಣ್ಣನವರ ಬಾಲ್ಯದ ಗೆಳೆಯ, ಚುನಾವಣೆಯ ಏಜೆಂಟ್, ಬಲಗೈ.

ಹತ್ತಿಯ ಗೋದಾಮಿನಲ್ಲಿ ಪ್ರಚಾರದ ಕಚೇರಿ. ಇಪ್ಪತ್ತು ಜನ ಕಾರ್ಯಕರ್ತರು ಚುರುಮರಿ ತಿನ್ನುತ್ತ ಬ್ಯಾನರು ಕಟ್ಟುತ್ತಿದ್ದರು. ನಡುವೆ ಹುಲಗಪ್ಪನವರು ಮೇಜಿನ ಮೇಲೆ ಕಾಗದಗಳನ್ನು ಅಂಚಿಗೆ ಅಂಚು ಹೊಂದಿಸಿ ಕುಳಿತಿದ್ದರು. ಅಕ್ಕೋರು ಕಾರ್ಯಕರ್ತರನ್ನೆಲ್ಲ ಭಜಿ ತರಲು ಅಟ್ಟಿದರು. ಒಂದು ಪ್ಲೇಟು ಭಜಿಗೆ ಇಪ್ಪತ್ತು ಜನ ಹೊರಟರು.

"ಹುಲಗಪ್ಪನವರ, ಒಂದು ಸಣ್ಣ ಪ್ರಶ್ನಿ. ವರ್ಷ ಯಾವತ್ತ ಮುಗೀತೈತಿ?"

"ಮಾರ್ಚ್ ಮೂವತ್ತೊಂದು" ಎಂದರು ಹುಲಗಪ್ಪನವರು, ಕಣ್ಣು ಕೂಡ ಮಿಟುಕಿಸದೆ.

ಅಕ್ಕೋರು ಹಾಳೆಯನ್ನು ಮೇಜಿನ ಮೇಲೆ ಹರಡಿ, ಆ ಸಾಲಿನ ಕೆಳಗೆ ಬೆರಳಿಟ್ಟು ಕಾದರು. ಹುಲಗಪ್ಪನವರು ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಹಣೆಗೆ ಹೊಡೆದುಕೊಂಡರು.

"ಥೂ ನನ್ನ! ಅಸಲ ಕಾಗದದಾಗ ದೀಪಾವಳಿ ಅಂತ ಕಣ್ಣಾರೆ ನೋಡೀನಿ. ಆದ್ರೂ ಕೈ ಕೇಳಬೇಕಲ್ಲ? ಮೂವತ್ತೆರಡು ವರ್ಷ ಅದನ್ನ ಬರದ ಕೈ!"

"ನೀವಾ?" ನಾನು ಕುರ್ಚಿಯಿಂದ ಎದ್ದೆ. "ಗೆಳೆಯಾನ ಕುತ್ತಿಗಿ ಕೊಯ್ಯಾಕ ನಾಚಿಕಿ ಆಗ್ಲಿಲ್ಲ?"

"ಕುತ್ತಿಗಿ ಉಳಸಾಕ ಮಾಡೀನೋ, ರಾಮಪ್ಪ!" ಅವರು ಕನ್ನಡಕ ಕಿತ್ತು ಮೇಜಿನ ಮೇಲೆ ಒಗೆದರು. "ಇದು ಸುಳ್ಳು ಹಾಳಿ ಅಂತ ಒಂದ ನಿಮಿಷದಾಗ ಸಾಬೀತ ಮಾಡಬಹುದು. ಇವತ್ತು ಸಭಾದಾಗ ಆಂವ ಎದ್ದು, ವೈರಿಗಳು ಅಸಲು ಕದ್ದು ಸುಳ್ಳು ಹಚ್ಯಾರ ಅಂತ ಒದರಿದ್ರ, ಊರೆಲ್ಲ ಆಂವನ ಕಡೆ ಆಗತಿತ್ತು. ಮೂರು ಹೊಡೀತಿತ್ತು. ಗಡುವು ಮುಗೀತಿತ್ತು. ಅಸಲ ಕಾಗದ ಓದೂ ಮಾತ ಬರತಿರಲಿಲ್ಲ."

"ಅಸಲು ಓದಿದ್ರ ಏನಾಗತಿತ್ತು?" ಅಕ್ಕೋರು ಮೆಲ್ಲಗೆ ಕೇಳಿದರು. "ಚನ್ನಬಸವಣ್ಣ ಸುಳ್ಳು ಲೆಕ್ಕ ಕೊಟ್ಟಾನೇನು?"

"ಆಂವಾ? ತೂಕದ ಕಲ್ಲು ದಿನಾ ಒರಸಿಡೂ ಮನಷಾ ಅಂವ. ಅವನ ಕಾಗದ ಬಂಗಾರದಂಗ ಐತಿ."

"ಮತ್ತ?"

ಹುಲಗಪ್ಪನವರು ಮೇಜಿನ ಕಾಗದಗಳನ್ನು ಮತ್ತೆ ಅಂಚಿಗೆ ಅಂಚು ಹೊಂದಿಸತೊಡಗಿದರು. ಅಕ್ಕೋರು ಶಾಲೆಯಲ್ಲಿ ತಪ್ಪು ಲೆಕ್ಕ ಮಾಡಿದ ಹುಡುಗಿಯ ಎದುರು ನಿಲ್ಲುತ್ತಿದ್ದ ಹಾಗೆ, ಕೈ ಕಟ್ಟಿ ನಿಂತರು. ಅವರು ಹಾಗೆ ನಿಂತರೆ ಯಾರೂ ಬಹಳ ಹೊತ್ತು ತಡೆಯಲಾರರು, ನನಗಂತೂ ಅವರ ಬದಿಗಿದ್ದರೂ ಏನಾದರೂ ಒಪ್ಪಿಕೊಂಡುಬಿಡೋಣ ಅನ್ನಿಸುತ್ತಿತ್ತು.

"ಕಾಗದ ಇಂಗ್ಲೀಷಿನಾಗ ಇತ್ತು" ಎಂದರು ಕೊನೆಗೆ. "ಸಭಾದಾಗ ಓದಾಕ ಕನ್ನಡ ಮಾಡಿ ಕೊಡು ಅಂತ ಚನ್ನಬಸವಣ್ಣ ಲಕೋಟೆ ನನ್ನ ಕೈಯಾಗ ಕೊಟ್ಟ. ಅದರಾಗ ಒಂದಲ್ಲ, ಎರಡು ಕಾಗದ ಇದ್ದೂವು. ಎರಡನೇದು ಅವಂದಲ್ಲ. ಅಷ್ಟ ಹೇಳ್ತೀನಿ. ಎರಡರದೂ ಕನ್ನಡ ಬರದು ಒಳಗಿಟ್ಟು, ಲಕೋಟೆ ಹೊಳ್ಳಿ ವೈನಿ ಕೈಯಾಗ ಕೊಟ್ಟೆ. ಮುಂದಿಂದು ನನಗ ಗೊತ್ತಿಲ್ಲ."

ವೈನಿ ಎಂದರೆ ಅತ್ತಿಗೆ, ಚನ್ನಬಸವಣ್ಣನವರ ಹೆಂಡತಿ ಕಸ್ತೂರೆವ್ವ. ಬೀಗ ಮುರಿಯದೆ ಪೆಟ್ಟಿಗೆ ಖಾಲಿಯಾದದ್ದು ಹೇಗೆ ಎಂದು ನಾನು ನಿನ್ನೆಯಿಂದ ತಲೆ ಕೆಡಿಸಿಕೊಂಡಿದ್ದೆ. ಆ ಮನೆಯ ಎಲ್ಲ ಕೀಲಿಕೈಗಳೂ ಕಸ್ತೂರೆವ್ವನ ಸೊಂಟದಲ್ಲೇ ಇರುತ್ತವೆ.

ನಾವು ಹೋದಾಗ ಆಕೆ ಅಡುಗೆಮನೆಯಲ್ಲಿ ಸಭೆಗೆ ಬರುವವರಿಗೆಂದು ರೊಟ್ಟಿ ಬಡಿಯುತ್ತಿದ್ದಳು. ಅಕ್ಕೋರನ್ನು ಕಂಡು ಕೈ ನಿಂತಿತು. ಆಕೆಯೂ ಒಂದು ಕಾಲಕ್ಕೆ ಬೆಟಗೇರಿಯ ಸೋದರಮಾವನ ಮನೆಯಲ್ಲಿದ್ದು ಅಕ್ಕೋರ ಬಳಿ ಮಗ್ಗಿ ಕಲಿತವಳೇ.

"ಗೊತ್ತಾತೇನ್ರಿ ಅಕ್ಕೋರ?"

"ಅರ್ಧ ಗೊತ್ತಾಗೇತಿ. ಉಳಿದಿದ್ದು ನೀ ಹೇಳು."

ಕಸ್ತೂರೆವ್ವ ಹಿಟ್ಟಿನ ಡಬ್ಬಿಯ ಹಿಂದಿನಿಂದ ಲಕೋಟೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡಳು. ಹೇಳುತ್ತ ಹೋದಳು. ಅವಳ ತವರು ಅಡರಕಟ್ಟಿ. ಅದೇ ಊರಿನ ಜೀವದ ಗೆಳತಿ ಸುಮಿತ್ರವ್ವ. ಆರು ವರ್ಷದ ಹಿಂದೆ ಸುಮಿತ್ರವ್ವನ ಗಂಡ ಗದಗಿನಲ್ಲೇ ಶೇಂಗಾ ಎಣ್ಣೆಯ ಗಿರಣಿ ಹಾಕುವಾಗ ಬಂಡವಾಳ ಸಾಲದೆ ಹೋಯಿತು. ಕಸ್ತೂರೆವ್ವ ತವರಿನ ಬಂಗಾರ ಮಾರಿ ನಾಲ್ಕಾಣೆ, ಅಂದರೆ ಕಾಲು ಪಾಲು ಹಾಕಿದಳು. ಗಿರಣಿ ಚೆನ್ನಾಗಿ ನಡೆಯಿತು. ದಾದಾಪೀರ ಪ್ರತಿ ವರ್ಷ ಅವಳ ಹೆಸರಿನಲ್ಲಿ ಬೇರೆ ಕಾಗದ ತುಂಬಿ, ತೆರಿಗೆ ಕಟ್ಟಿಸಿದ. ಈ ಸಲ ಮಾತ್ರ ಎರಡೂ ಕಾಗದ ತಪ್ಪಿ ಒಂದೇ ಲಕೋಟೆಯಲ್ಲಿ ಸೇರಿಹೋಗಿದ್ದವು.

"ಒಂದು ಪೈಸಾ ಕದ್ದಿಲ್ರಿ. ಎಲ್ಲಾ ಸರಕಾರಕ್ಕ ತೋರಿಸೀನಿ. ಇವರಿಗೊಬ್ಬರಿಗೇ ತೋರಿಸಿಲ್ಲ."

"ಸುಮಿತ್ರವ್ವನ ಗಂಡ ಅಂದ್ರ..." ಎಂದು ಶುರು ಮಾಡಿದವನು ನಾನು, ಮುಗಿಸಲಿಲ್ಲ. ಸುಮಿತ್ರವ್ವನ ಗಂಡ ಹುಚ್ಚೀರಪ್ಪನವರು. ಊರೆಲ್ಲ ನೋಡುತ್ತಿದ್ದ ಜಗಳದ ಹಿಂದೆ ಆರು ವರ್ಷದಿಂದ ಎರಡು ಮನೆಯ ಎಣ್ಣೆ ಒಂದೇ ಗಾಣದಿಂದ ಬರುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅಕ್ಕೋರು ನನ್ನ ಕಾಲು ತುಳಿದರು.

"ನಗ್ರಿ, ನಗ್ರಿ" ಎಂದಳು ಕಸ್ತೂರೆವ್ವ. ಅವಳಿಗೂ ಅಳುವಿನ ನಡುವೆ ನಗು ಬಂದಿತ್ತು. "ನನಗೂ ಎಷ್ಟೋ ಸಲ ನಗು ಬಂದೈತಿ. ಆದ್ರ ಅವರು ಆಣಿ ಮಾಡ್ಯಾರಲ್ರಿ. ಮನ್ಯಾಗ ಮುಚ್ಚಿಟ್ಟ ಒಂದು ಕಾಗದ ಸಿಕ್ರೂ ಅಂತ. ಇದನ್ನ ಓದಿದ್ರ ಅವರು ಮಾತಿನಂಗ ವಾಪಸ್ ತಗೋತಾರ. ನಾ ಅವರನ್ನ ಬಲ್ಲೆ. ಹತ್ತು ವರ್ಷದಿಂದ ಈ ಊರಿಗೆ ನೀರಿನ ಪೈಪು ತರಬೇಕಂತ ಕನಸು ಕಾಣಾಕತ್ತಾರ. ನನ್ನ ಕೈಯಿಂದ ಅದು ಮುರೀಬಾರ್ದು."

"ಅದಕ್ಕ ಎರಡೂ ಬಚ್ಚಿಟ್ಟಿ?"

"ನೀವ ಹೇಳ್ರಿ ಅಕ್ಕೋರ. ಚುನಾವಣಿಗೆ ನಿಂತಾವರು ಅವರು. ಅವರ ಕಾಗದ ಅವರು ಓದ್ಲಿ. ನಾ ಯಾಕ ನನ್ನ ಗಂಟು ಬಿಚ್ಚಿ ತೋರಿಸ್ಲಿ?"

ಬೆಳಿಗ್ಗೆ ಹುಚ್ಚೀರಪ್ಪನವರು ಕೇಳಿದ್ದೂ ಇದೇ ಪ್ರಶ್ನೆ. ಅಕ್ಕೋರು ಹಂಚಿನ ಮೇಲೆ ಸೀಯುತ್ತಿದ್ದ ರೊಟ್ಟಿಯನ್ನು ತಿರುವಿ ಹಾಕಿದರು.

"ನೀ ತೋರಸಬೇಕಂತ ಯಾವ ಕಾಯ್ದೆನೂ ಇಲ್ಲವ್ವ. ಅವರು ತೋರಸಬೇಕಂತನೂ ಇಲ್ಲ. ಆದ್ರ ಒಂದು ವಿಚಾರ ಮಾಡು. ನಾಳೆ ನಗರಸಭಾದಾಗ ಕೂತು ಅವರು ಎಣ್ಣಿ ಗಿರಣಿ ಮ್ಯಾಲಿನ ಕರಾ ಎಷ್ಟು ಅಂತ ಗೊತ್ತು ಮಾಡ್ತಾರ. ಆ ಗಿರಣಿ ನಿಂದೂ ಹೌದು ಅಂತ ಊರಿಗೆ ಗೊತ್ತಿರಬೇಕೋ ಬ್ಯಾಡೋ? ನಾ ಯಾರಿಗೂ ಹೇಳೂದಿಲ್ಲ. ಲಕೋಟೆ ನಿನ್ನ ಕೈಯಾಗ ಬಿಟ್ಟು ಹೋಗ್ತೀನಿ."

ಹೊರಗೆ ಬಂದ ಮೇಲೆ ನಾನು ಸಿಡಿಮಿಡಿಗೊಂಡೆ. ಸಿಕ್ಕ ಕಾಗದ ಯಾರಾದರೂ ಬಿಟ್ಟು ಬರುತ್ತಾರೆಯೇ? ಬಹಳ ಸಂತೋಷವಾದಾಗ ಮಾತ್ರ ಅಕ್ಕೋರು ಗುನುಗುತ್ತಾರೆ, ಆಗ ಗುನುಗುತ್ತಿದ್ದರು.

ಒಂದೂವರೆಗೆ ಪೇಟೆ ಕಿಕ್ಕಿರಿದಿತ್ತು. ಮಾಳಿಗೆಯ ಮೇಲೆ ಹೆಂಗಸರು, ಕಟ್ಟೆಯ ಮೇಲೆ ಮುದುಕರು, ಕುರ್ತಕೋಟಿಯಿಂದ ಹತ್ತಿ ತಂದವರ ಚಕ್ಕಡಿಗಳ ಮೇಲೂ ಜನ. ತಮಾಷೆ ನೋಡಲು ಹುಚ್ಚೀರಪ್ಪನವರೂ ಬಂದು ಹಿಂದಿನ ಬೆಂಚಿನಲ್ಲಿ ಭಜಿ ತಿನ್ನುತ್ತ ಕುಳಿತಿದ್ದರು.

ಚನ್ನಬಸವಣ್ಣನವರು ವೇದಿಕೆ ಹತ್ತಿದರು. ಗೋಡೆಯ ಹಾಳೆ ಸುಳ್ಳೆಂದು ಅಕ್ಕೋರು ಮೈಕಿನಲ್ಲಿ ಎರಡೇ ಮಾತಿನಲ್ಲಿ ತೋರಿಸಿದರು. ಮಾರ್ಚ್ ಮೂವತ್ತೊಂದು ಎಂದದ್ದೇ ಪೇಟೆಯ ವ್ಯಾಪಾರಿಗಳೆಲ್ಲ ಹೋ ಎಂದು ನಕ್ಕರು. ಬರೆದವರ ಹೆಸರನ್ನು ಮಾತ್ರ ಅಕ್ಕೋರು ಹೇಳಲಿಲ್ಲ.

"ಹಂಗಾರ ಅಸಲು ಎಲ್ಲೈತಿ?" ಎಂದು ಗುಂಪಿನಿಂದ ಒಬ್ಬ ಕೂಗಿದ.

"ಇಲ್ಲೈತಿ."

ಕಸ್ತೂರೆವ್ವ ಸೆರಗು ಬಿಗಿದು ಜನರ ನಡುವಿನಿಂದ ಬರುತ್ತಿದ್ದಳು. ಕೈಯಲ್ಲಿ ಲಕೋಟೆ, ಬೆರಳಿನಲ್ಲಿ ಇನ್ನೂ ಜೋಳದ ಹಿಟ್ಟು. ವೇದಿಕೆ ಹತ್ತಿ ಒಂದು ಕಾಗದವನ್ನು ಗಂಡನ ಕೈಯಲ್ಲಿಟ್ಟಳು. "ಇದು ನಿಮ್ದು. ಇದನ್ನ ನೀವು ಓದ್ರಿ. ಇದು ನಂದು. ಇದನ್ನ ನಾ ಓದ್ತೀನಿ."

ಹಿಂದಿನ ಬೆಂಚಿನಿಂದ ಹುಚ್ಚೀರಪ್ಪನವರು ಎದ್ದು ನಿಂತರು. ಭಜಿಯ ತಟ್ಟೆ ನೆಲಕ್ಕೆ ಬಿತ್ತು. "ವೈನಿ, ಬ್ಯಾಡ್ರಿ!"

ಎಂಟು ವರ್ಷ ಮಾತಿಲ್ಲದ ಮನೆಯ ಹೆಂಗಸನ್ನು ವೈನಿ ಎಂದು ಕರೆದದ್ದು ಸಾವಿರ ಜನಕ್ಕೆ ಕೇಳಿಸಿತು. ಕಸ್ತೂರೆವ್ವ ನಿಲ್ಲಿಸಲಿಲ್ಲ. ಗಿರಣಿಯ ಹೆಸರು ಓದಿದಳು. ಪಾಲುದಾರರ ಹೆಸರು ಓದಿದಳು, ಮೊದಲು ಹುಚ್ಚೀರಪ್ಪನವರದು, ಆಮೇಲೆ ತನ್ನದು. ಲಾಭ ಓದಿದಳು, ಕಟ್ಟಿದ ತೆರಿಗೆ ಓದಿದಳು. ಅಷ್ಟರಲ್ಲಿ ಮಾಳಿಗೆಯ ಮೇಲಿನಿಂದ ಹೆಂಗಸರ ಚಪ್ಪಾಳೆ ಶುರುವಾಗಿ, ಅದು ಕೆಳಗಿಳಿದು ಪೇಟೆಯೆಲ್ಲ ಹಬ್ಬಿತು. ನಾನೂ ತಟ್ಟಿದೆ, ಕೈ ಕೆಂಪಗಾಗುವ ತನಕ ತಟ್ಟಿದೆ.

ಚನ್ನಬಸವಣ್ಣನವರೊಬ್ಬರೇ ತಟ್ಟಲಿಲ್ಲ. ಹೆಂಡತಿಯನ್ನು ಮೊದಲ ಸಲ ನೋಡುವವರ ಹಾಗೆ ನೋಡುತ್ತಿದ್ದರು. ಸಿಟ್ಟಿತ್ತೋ ಹೆಮ್ಮೆಯಿತ್ತೋ ನನಗೆ ತಿಳಿಯಲಿಲ್ಲ. ಪ್ರಾಯಶಃ ಎರಡೂ ಇತ್ತು.

"ಮಾತು ಅಂದ್ರ ಮಾತು" ಎಂದು ಅವರು ಜೇಬಿನಿಂದ ಫಾರಮ್ಮು ತೆಗೆದರು. "ಹುಲಗಪ್ಪ, ಪೆನ್ನು ಕೊಡು."

ಹುಲಗಪ್ಪನವರು ಎರಡೂ ಕೈಯಿಂದ ಜೇಬು ಮುಚ್ಚಿಕೊಂಡರು. ವೇದಿಕೆಯ ಮೇಲಿದ್ದ ಪೆನ್ನುಗಳೆಲ್ಲ ಒಂದೊಂದಾಗಿ ಮಾಯವಾದವು. ನಾನು ನನ್ನದನ್ನು ಕಾಲ್ಚೀಲದಲ್ಲಿ ತುರುಕಿದೆ. ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ. ಫಾರಮ್ಮು ಕೊಡಬೇಕಾದ ಗದಗಿನ ತಹಶೀಲದಾರರ ಕಚೇರಿಗೆ ಅರ್ಧ ಗಂಟೆಯ ದಾರಿ.

ಕಸ್ತೂರೆವ್ವ ತನ್ನ ಕುಪ್ಪಸದಿಂದ ಒಂದು ಪೆನ್ನು ತೆಗೆದು ಗಂಡನ ಕೈಗೆ ಕೊಟ್ಟಳು.

"ಸಹಿ ಮಾಡ್ರಿ" ಎಂದಳು ಮೈಕಿನಲ್ಲೇ. "ನಿಮ್ಮ ಮಾತು ನೀವು ನಡಸ್ರಿ. ಆದ್ರ ನಿಮ್ಮ ಅರ್ಜಿ ಎಲ್ಲಿ ತಿರಸ್ಕಾರ ಆಗ್ತೈತೋ ಅಂತ ಅಂಜಿ, ಹುಲಗಪ್ಪನವರು ನನ್ನ ಹೆಸರ್ಲೆನೂ ಒಂದು ಡಮ್ಮಿ ನಾಮಪತ್ರ ಹಾಕಿಸಿದ್ರು. ಇವತ್ತು ಮುಂಜಾನೆ ಅದನ್ನ ವಾಪಸ್ ತಗೋರಿ ಅಂದ್ರು. ನಾ ಇನ್ನೂ ತಗೊಂಡಿಲ್ಲ."